ಮಂಚದ ಬೋಲ್ಟ್

ಕಾರಿನ ಸೀಟು ಕಿರ್ ಅಂದರೆ ಎಲ್ಲಿಂದ ಅಂತ ಕಿವಿಯಲ್ಲೇ ಹಿಡಿಯೋದು ವಾರೆನ್ ಊರಿನ ಕಾರು ಕಂಪನಿಯಲ್ಲಿ ನನ್ನ ಕೆಲಸ. ಒಮ್ಮೆ ಶಿಕಾಗೋ ರೈಲಿನಲ್ಲಿ ಪಕ್ಕ ಕೂತಿದ್ದ ಹೆಂಗಸು, ತಾನೂ ಸೌಂಡಿನವಳೇ ಅಂದಳು.

"ನೀಲಿಚಿತ್ರಗಳಿಗೆ ದನಿ ಕೊಡ್ತೀನಿ. ತೆರೆ ಮೇಲಿರೋರು ಸುಮ್ಮನಿರ್ತಾರೆ, ನರಳಾಟವೆಲ್ಲ ನಂದೇ!"

ನಾನು ನಾಚಿ ಕಿಟಕಿ ಕಡೆ ತಿರುಗುವಷ್ಟರಲ್ಲಿ ಅವಳ ಸೀಡಿ ಪ್ಲೇಯರಿನ ಹೆಡ್‌ಫೋನ್ ನನ್ನ ಕಿವಿಗೇರಿತ್ತು. "ನಿಜ ಅನ್ಸುತ್ತಾ ಹೇಳು. ನಾಳೆ ಸ್ಟುಡಿಯೋಗೆ ಕೊಡಬೇಕು."

ಕಣ್ಣು ಮುಚ್ಚಿ ಶ್ರದ್ಧೆಯಿಂದ ಕೇಳಿದೆ. "ಮೇಡಂ, ಮಂಚದ ಎಡಗಾಲಿನ ಬೋಲ್ಟ್ ಸಡಿಲ ಆಗಿದೆ," ಅಂದೆ.

ಇಡೀ ಬೋಗಿ ತಿರುಗಿ ನೋಡುವಂತೆ ನಕ್ಕಳು. "ಇಷ್ಟು ವರ್ಷ ಗಂಟಲು ಹರ್ಕೊಂಡಿದೀನಿ, ಮಂಚ ಕೇಳಿಸಿಕೊಂಡ ಗಂಡಸು ನೀನೊಬ್ಬನೇ!"

ಮನೆಗೆ ಬಂದವನೇ ಸ್ಪ್ಯಾನರ್ ಹಿಡಿದು, ಕಿರ್‌ಗುಟ್ಟುತ್ತಿದ್ದ ನಮ್ಮ ಮಂಚದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದೆ. ಆದರೇನು, ಅತ್ತೆ ಬಂದು ಪಕ್ಕದ ರೂಮಲ್ಲಿ ಮಲಗೋಕೆ ಶುರುಮಾಡಿ ಆಗಲೇ ಎರಡು ತಿಂಗಳಾಗಿತ್ತು.