ತೆರೆದು ನೋಡದ ನಕಲು

ನಮ್ಮ ಸ್ಮಶಾನದ ಕಚೇರಿಯ ಗುಮಾಸ್ತನಿಗೆ ಡಬಲ್ ಎಂದು ಹೆಸರಿಟ್ಟವನು ಪಕ್ಕದ ಮೇಜಿನ ನಾನೇ. ಜೇಬಿನಲ್ಲಿ ಎರಡು ಪೆನ್ನು, ಚೀಲದಲ್ಲಿ ಎರಡು ಕನ್ನಡಕ. ಬೀಗ ಹಾಕಿ ಎರಡು ಸಲ ಜಗ್ಗದೆ ಮೆಟ್ಟಿಲಿಳಿದವನಲ್ಲ. "ಹೆಂಡ್ತಿ ಮಾತ್ರ ಒಬ್ಬಳೇ ಯಾಕೋ?" ಎಂದು ಕಿಚಾಯಿಸಿದರೆ, "ಅವಳೊಬ್ಬಳೇ ಇಬ್ಬರಷ್ಟು ಬೈತಾಳೆ" ಎನ್ನುತ್ತಿದ್ದ.

ನಮ್ಮಲ್ಲಿ ಹಿಂದಿನ ಗೋಡೆಯ ಪಕ್ಕ ಮಕ್ಕಳ ಭಾಗವೊಂದಿದೆ. ಹುಟ್ಟುವಾಗಲೇ ಸತ್ತ ಕೂಸುಗಳದು. ಅದು ತುಂಬಿ ಎಷ್ಟೋ ಕಾಲವಾಯಿತು. ಕಲ್ಲಿಲ್ಲ, ಹೆಸರಿಲ್ಲ, ಬರೀ ಹುಲ್ಲು. ಯಾವ ಕೂಸು ಎಲ್ಲಿ ಮಲಗಿದೆಯೆಂದು ಕಂಪ್ಯೂಟರಿಗಷ್ಟೇ ಗೊತ್ತು. ಗೆದ್ದಲು ಹತ್ತಿದ ಹಳೆಯ ದಾಖಲೆ ಪುಸ್ತಕಗಳನ್ನು ಕಂಪ್ಯೂಟರಿಗೇರಿಸಿ ರದ್ದಿಗೆ ಹಾಕುವಾಗ ನಾನು ಹಿಂದೇಟು ಹಾಕಿದ್ದೆ. "ಎರಡೆರಡು ನಕಲು ಇಟ್ಟಿದ್ದೀನಿ, ಸುಮ್ನಿರೋ" ಎಂದಿದ್ದ.

ಅದೇನೂ ಸುಳ್ಳಲ್ಲ. ಪ್ರತಿ ಶನಿವಾರ ಕಂಪ್ಯೂಟರಿನ ಇಡೀ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಅಂಗೈಯಗಲದ ಡ್ರೈವಿಗೆ ತುಂಬುತ್ತಿದ್ದ. ಒಂದು ವಾರ ನೀಲಿ ಡ್ರೈವು, ಮರುವಾರ ಕಪ್ಪು. ಒಂದು ಕಪಾಟಿನಲ್ಲಿದ್ದರೆ ಇನ್ನೊಂದು ಮನೆಯಲ್ಲಿ. ಜಾಗ ಸಾಲದೆಂದು ಹಳೆಯ ನಕಲನ್ನು ಅಳಿಸಿಬಿಡುತ್ತಿದ್ದ. ಪರದೆಯಲ್ಲಿ 'ಯಶಸ್ವಿ' ಎಂಬ ಹಸಿರಕ್ಷರ ಮೂಡಿದ ಮೇಲೇ ಅವನಿಗೆ ಚಹಾ. ಹನ್ನೊಂದು ವರ್ಷದಲ್ಲಿ ಒಂದನ್ನಾದರೂ ತೆರೆದು ನೋಡಿದವನಲ್ಲ.

ಹೋದ ವರ್ಷ ಒಬ್ಬ ಅಜ್ಜಿ ಫೋನ್ ಮಾಡಿದರು. ನಲವತ್ತು ವರ್ಷದ ಹಿಂದೆ ಅವರ ಕೂಸನ್ನು ಗಂಡನೇ ತಂದು ಮಣ್ಣು ಮಾಡಿದ್ದರಂತೆ. ಎಲ್ಲಿ ಎಂದು ಬದುಕಿರುವವರೆಗೂ ಹೇಳಲಿಲ್ಲವಂತೆ. "ಎಲ್ಲ ಜೋಪಾನವಾಗಿದೆ, ಬನ್ನಿ ಅಮ್ಮ" ಎಂದ ಡಬಲ್.

ಅಜ್ಜಿ ಬಂದು ಕುರ್ಚಿಯಲ್ಲಿ ಕೂತರು. ಮಡಿಲಲ್ಲಿ ಮುಷ್ಟಿಯಷ್ಟಗಲದ ಉಣ್ಣೆಯ ಟೋಪಿ. ಡಬಲ್ ಕಂಪ್ಯೂಟರಿನಲ್ಲಿ ಮಕ್ಕಳ ಭಾಗದ ಕಡತ ಒತ್ತಿದ, ಅದು ತೆರೆಯಲಿಲ್ಲ. "ನಕಲಿದೆ ಅಮ್ಮ, ಒಂದು ನಿಮಿಷ" ಎಂದು ನಗುತ್ತಲೇ ನೀಲಿ ಡ್ರೈವು ಸಿಕ್ಕಿಸಿದ. ಅದರಲ್ಲೂ ತೆರೆಯಲಿಲ್ಲ. ಕಪ್ಪು ತರಲು ಮನೆಗೆ ಓಡಿದ. ಅದರದೂ ಅದೇ ಪಾಡು.

ನಾನು ಕರೆತಂದ ರಿಪೇರಿಯವನು ಅರ್ಧ ಗಂಟೆ ತಡಕಾಡಿದ. "ನಿಮ್ಮ ಡಿಸ್ಕು ಆ ಜಾಗದಲ್ಲಿ ಕೆಟ್ಟು ತಿಂಗಳುಗಳೇ ಆಗಿವೆ. ಕೆಟ್ಟಿದ್ದನ್ನೇ ವಾರವಾರ ನಕಲು ಮಾಡಿದ್ದೀರಿ. ಅದಕ್ಕೂ ಮುಂಚಿನದು ಇದೆಯಾ?"

ಅದನ್ನು ಡಬಲ್ಲೇ ಅಳಿಸಿದ್ದ. ನನ್ನ ಸಿಟ್ಟು ನೆತ್ತಿಗೇರಿ ಅಜ್ಜಿಯ ಮುಂದೆಯೇ ಅವನನ್ನು ಬೈದುಬಿಟ್ಟೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಅಮ್ಮಾ, ಕಳೆದುಬಿಟ್ಟೆ" ಎಂದ ಡಬಲ್.

ಅಜ್ಜಿ ಕಿಟಕಿಯಾಚೆಯ ಹುಲ್ಲನ್ನು ನೋಡಿದರು. ಆಮೇಲೆ, "ಹಾಗಾದ್ರೆ ಎಲ್ಲಾನೂ ನೋಡ್ಕೊಂಡು ಹೋಗ್ತೀನಪ್ಪ" ಎಂದು ಎದ್ದರು.

ಮಕ್ಕಳ ಭಾಗದಲ್ಲಿ ಇಪ್ಪತ್ಮೂರು ಸಾಲು. ಬಿಸಿಲಲ್ಲಿ ಒಂದೊಂದು ಸಾಲನ್ನೂ ನಡೆದರು, ಅಲ್ಲಲ್ಲಿ ಬಗ್ಗಿ ಹುಲ್ಲು ಮುಟ್ಟಿದರು. ಕೊಡೆ ಹಿಡಿದು ಹಿಂದೆ ನಡೆದ ಡಬಲ್ ಅಳುತ್ತಿದ್ದುದು ನನಗೆ ಕಿಟಕಿಯಿಂದಲೇ ಕಾಣುತ್ತಿತ್ತು. ಕೊನೆಯ ಸಾಲು ಮುಗಿದ ಮೇಲೆ ಅಜ್ಜಿ ಒಮ್ಮೆ ಹಿಂದೆ ತಿರುಗಿ ನೋಡಿದರು. ಎಲ್ಲಿಡಬೇಕೆಂದು ತಿಳಿಯದೆ ಟೋಪಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.