ಮೂವತ್ತೆರಡು ಎಣಿಕೆ

ಅಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಅವನ ಸಂಗೀತದ ಬಗ್ಗೆ ಬರೆಯಿರಿ ಎಂದು ಕೆಲವರು ಕೇಳಿದ್ದುಂಟು. ಬರೆಯಲು ಕೂತರೆ ಕೈ ಸೋಲುತ್ತದೆ. ಇಂದು ಒಂದು ಸಂಗತಿಯನ್ನಷ್ಟೇ ಬರೆಯುತ್ತೇನೆ.

ಐವತ್ತರ ದಶಕದ ಕೊನೆಗೆ ನಾವು ನಾಲ್ವರು ಸೇರಿ ನುಡಿಸುತ್ತಿದ್ದೆವು. ಅಣ್ಣ ಬಂಟ್ವಾಳದ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮೊದಲ ಪಿಟೀಲು ಅವನದು. ನಾನು ಪ್ರಾಥಮಿಕ ಶಾಲೆಯ ಮಾಸ್ತರ, ಎರಡನೇ ಪಿಟೀಲು. ಬೆಳ್ತಂಗಡಿಯ ಕಂಪೌಂಡರೊಬ್ಬರು ಕ್ಲಾರಿನೆಟ್ ನುಡಿಸುತ್ತಿದ್ದರು, ಮದುವೆ ಬ್ಯಾಂಡಿನಲ್ಲಿ ಕಲಿತದ್ದು. ಮೂಡಬಿದ್ರೆಯ ಇಗರ್ಜಿಯಲ್ಲಿ ಹಾಡು ಕಲಿಸುತ್ತಿದ್ದ ಹಿರಿಯರ ಬಳಿ ಚೆಲ್ಲೋ ಇತ್ತು. ಆಳೆತ್ತರದ ಪಿಟೀಲಿನಂಥ ಆ ವಾದ್ಯವನ್ನು ತಮ್ಮೂರಿಗೆ ಮರಳಿದ ವಿದೇಶಿ ಪಾದ್ರಿಯೊಬ್ಬರು ಬಿಟ್ಟುಹೋಗಿದ್ದರು. ಹಿರಿಯರು ಅದನ್ನು ಹೊತ್ತು ಬಸ್ಸು ಹತ್ತುವಾಗಲೆಲ್ಲ ಕಂಡಕ್ಟರನದು ಒಂದೇ ಪ್ರಶ್ನೆ. ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಎನ್ನುತ್ತಾರೆ.

"ಪೊರ್ಬುಲೇ, ನಿಮ್ಮ ಹೆಂಡತಿಯನ್ನು ಟಾಪಿಗೆ ಹಾಕುವುದಾ, ಒಳಗೆ ಕೂರಿಸುವುದಾ?"

"ಒಳಗೆ ಮಾರಾಯ. ಟಾಪಿಗೆ ಹಾಕಿದರೆ ಮತ್ತೆ ವಾರವಿಡೀ ಮಾತಾಡುವುದಿಲ್ಲ ಅವಳು."

ಇಗರ್ಜಿಯ ಹಾಡು ಬೇಡ, ಸಿನೆಮಾದ್ದೂ ಬೇಡ, ನಮ್ಮ ಕಾಲದವರು ಹೊಸದಾಗಿ ಬರೆದದ್ದನ್ನೇ ನುಡಿಸಬೇಕು ಎಂಬುದು ಅಣ್ಣನ ಹಟ. ಆ ಪಾದ್ರಿಗಳು ಅಂಚೆಯಲ್ಲಿ ಕಳಿಸುತ್ತಿದ್ದ ಕೃತಿಗಳನ್ನು ಭಾನುವಾರ ಮಧ್ಯಾಹ್ನ ನನ್ನ ಶಾಲೆಯ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಆಮೇಲೆ ಅಣ್ಣ ತಾನೇ ಒಂದನ್ನು ಬರೆದ. ಅದರ ನಡುವೆ ನಾಲ್ವರೂ ಮೂವತ್ತೆರಡು ಎಣಿಕೆ ಸುಮ್ಮನಿರಬೇಕು. ಅವನು ಸನ್ನೆ ಮಾಡಿದ ಮೇಲೆ ಎರಡನೇ ಭಾಗ.

"ಇಷ್ಟುದ್ದ ಯಾಕೆ ಮಾರಾಯ್ರೇ?" ಎಂದು ಕಂಪೌಂಡರು ಕೇಳಿದರು.

"ಕಾರ್ಖಾನೆಯಲ್ಲಿ ಸಂಜೆ ಯಂತ್ರ ನಿಲ್ಲಿಸ್ತಾರಲ್ಲ, ಆಗ ಕಿವಿಯಲ್ಲಿ ಒಂದು ಸದ್ದು ಉಳೀತದೆ. ಅದು ಹೋಗಲಿಕ್ಕೆ ಇಷ್ಟು ಬೇಕು. ನಾನು ಎಣಿಸಿ ನೋಡಿದ್ದೇನೆ."

ಬಂಟ್ವಾಳದ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ನುಡಿಸಿದೆವು. ಹತ್ತು ಎಣಿಸುವಷ್ಟರಲ್ಲಿ ಚಪ್ಪಾಳೆ ಬಿತ್ತು. ಕಾರ್ಯದರ್ಶಿಗಳು ಕಾಗದ ಹಿಡಿದು ಬಂದು ವಂದನಾರ್ಪಣೆಯನ್ನೇ ಶುರುಮಾಡಿದರು. ಬೆಳ್ತಂಗಡಿಯ ವಾಚನಾಲಯದಲ್ಲಿ ಅಣ್ಣ ಮೊದಲೇ ಎಲ್ಲವನ್ನೂ ವಿವರಿಸಿದ್ದ. ಆದರೂ ಮುಂದಿನ ಸಾಲಿನ ಅಜ್ಜರೊಬ್ಬರು ಮರುಕದಿಂದ, "ಮರೆತುಹೋಯಿತಾ? ಅಡ್ಡಿಯಿಲ್ಲ, ಮೊದಲಿಂದ ಹಿಡೀರಿ" ಎಂದರು. ಕಂಪೌಂಡರಿಗೆ ನಗು ತಡೆಯಲಾಗಲಿಲ್ಲ, ಅಲ್ಲಿಗೇ ನಿಂತಿತು. ಅಭ್ಯಾಸದಲ್ಲಂತೂ ಅಣ್ಣನೇ ತಪ್ಪು ಹಿಡಿದು ನಿಲ್ಲಿಸುತ್ತಿದ್ದ. ಹೀಗೆ ಆ ಕೃತಿ ಒಮ್ಮೆಯೂ ಕೊನೆ ಮುಟ್ಟಲಿಲ್ಲ.

ಅರವತ್ತರ ದಶಕ ಶುರುವಾದ ಮೇಲೆ ಅಣ್ಣ ಹಾಸಿಗೆ ಹಿಡಿದ. ಡಾಕ್ಟರು ಹತ್ತಿರವಿದ್ದಾರೆಂದು ಅಕ್ಕ ಅವನನ್ನು ಮೂಡಬಿದ್ರೆಯ ತನ್ನ ಮನೆಗೆ ಕರೆದೊಯ್ದಳು. ನಾನು ಶನಿವಾರ ಶಾಲೆ ಮುಗಿಸಿ ಹೋಗಿ ಸೋಮವಾರ ಬೆಳಿಗ್ಗೆ ಮರಳುತ್ತಿದ್ದೆ. ಬಸ್ಸಿನಲ್ಲಿ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಎಷ್ಟು ತಿಂಗಳು ಹಾಗೆ ಓಡಾಡಿದೆನೋ ಸರಿಯಾಗಿ ನೆನಪಿಲ್ಲ.

"ಒಮ್ಮೆ ಅದನ್ನು ಕೊನೆಯವರೆಗೆ ಕೇಳಬೇಕಿತ್ತು," ಎಂದ ಅಣ್ಣ ಒಂದು ದಿನ. "ನನ್ನ ಭಾಗ ನೀನು ನುಡಿಸು. ನಿನ್ನದು ಇಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ."

ಮುಂದಿನ ಭಾನುವಾರ ಮಧ್ಯಾಹ್ನ ಕಂಪೌಂಡರೂ ಹಿರಿಯರೂ ಬಂದರು. ಮಂಚದ ಎದುರು ಮೂರು ಕುರ್ಚಿ ಹಿಡಿಸುವಷ್ಟೇ ಜಾಗ. ಅಣ್ಣ ದಿಂಬಿಗೆ ಒರಗಿ, ಬೆರಳೆತ್ತಿ ಸನ್ನೆ ತಾನೇ ಕೊಡುತ್ತೇನೆ ಎಂದ.

ಮೊದಲ ಭಾಗ ಚೆನ್ನಾಗಿಯೇ ಬಂತು. ನಿಲ್ಲಿಸಿದೆವು. ನಾನು ಮನಸ್ಸಿನಲ್ಲಿ ಎಣಿಸಿದೆ. ಮೂವತ್ತೆರಡಾಯಿತು, ನಲವತ್ತಾಯಿತು, ಬೆರಳು ಏಳಲಿಲ್ಲ. ಅವನ ಬಾಯಿ ತುಸು ತೆರೆದಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಮತ್ತೆ ನೋಡಿದರೆ ಹೊದಿಕೆ ಮೆಲ್ಲಗೆ ಏರಿಳಿಯುತ್ತಿತ್ತು; ನಿದ್ದೆ ಹೋಗಿದ್ದ.

ಹಿರಿಯರು ಎಬ್ಬಿಸಲೆಂದು ಬಾಗಿದರು. ಬಾಗಿಲಲ್ಲಿದ್ದ ಅಕ್ಕ ಕೈ ಅಡ್ಡ ಹಿಡಿದಳು.

"ಬೇಡ. ಮೂರು ದಿನದಿಂದ ಕಣ್ಣು ಮುಚ್ಚಿಲ್ಲ ಅವನು. ಮಲಗಲಿ."

ಮೂವರೂ ನನ್ನ ಮುಖ ನೋಡಿದರು. ನಾನು ಪಿಟೀಲಿನ ಕಮಾನು ಕೆಳಗಿಟ್ಟೆ.

ವಾದ್ಯಗಳನ್ನು ಚೀಲಕ್ಕೆ ತುಂಬಿ ಚಹಾ ಕುಡಿಯುತ್ತಿರುವಾಗ ಅಣ್ಣನಿಗೆ ಎಚ್ಚರವಾಯಿತು.

"ಮುಗಿಯಿತಾ?"

ನಾನು ಬಾಯಿ ತೆರೆಯುವ ಮೊದಲೇ ಕಂಪೌಂಡರು, "ಆಯ್ತು ಮಾರಾಯ್ರೇ, ಪೂರ್ತಿ," ಎಂದರು.

"ನಡುವೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ ಅಲ್ವಾ?"

"ಇಲ್ಲ," ಎಂದೆ.

ಅಣ್ಣ ನನ್ನತ್ತ ತಿರುಗಿದ. "ಕೊನೆಯಲ್ಲಿ ನೀನು ಅವಸರ ಮಾಡಿದೆ."

"ಹೌದು. ಮಾಡಿದೆ."

ಅವನು ಕನಸಿನಲ್ಲಿ ಕೇಳಿದನೋ, ನಮ್ಮ ಸುಳ್ಳು ತಿಳಿದೇ ಹಾಗೆಂದನೋ, ಕೇಳುವ ಧೈರ್ಯವಾಗಲಿಲ್ಲ. ಮುಂದಿನ ಭಾನುವಾರ ಮತ್ತೆ ನುಡಿಸಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಗುರುವಾರ ಅವನು ಹೋದ.

ಅಕ್ಕನನ್ನು ನಾನು ದೂರುವುದಿಲ್ಲ. ಕಮಾನು ಕೆಳಗಿಟ್ಟವನು ನಾನು. ಆ ದಿನ ನನಗೂ ಬಹಳ ದಣಿವಾಗಿತ್ತು. ಅವನು ಮಲಗಿದ್ದು ಕಂಡು ಇನ್ನು ನುಡಿಸಬೇಕಾಗಿಲ್ಲವೆಂದು ಒಳಗೊಳಗೆ ಸಮಾಧಾನವೇ ಆಗಿತ್ತು.