ಅಕ್ಕ ಕಟ್ಟಿದ ಎಂಜಿನ್

ನಾನಿನ್ನೂ ಚಿಕ್ಕವಳು, ಐದನೇ ಇಯತ್ತೆಯಲ್ಲಿದ್ದೆ. ಆಗ ಶಿರಸಿಯ ನಮ್ಮ ಮನೆಗೆ ಚಳಿಗಾಲ ಬರುತ್ತಿದ್ದದ್ದೇ ಸೀಮೆಎಣ್ಣೆಯ ವಾಸನೆಯೊಂದಿಗೆ. ತುಳಸಿ ಲಗ್ನ ಮುಗಿದು ಗಾಳಿ ಒಣಗಿತೆಂದರೆ ಅಪ್ಪ ಅಂಗಳದಂಚಿನ ಮಾಡಿನ ಕೆಳಗೆ ಹೋಗಿ ತಾಡಪಾಲು ಎಳೆಯುತ್ತಿದ್ದ. ಅದರ ಕೆಳಗೆ ಒಂದು ಕಪ್ಪು ಕಾರು ಇತ್ತು. ಅಪ್ಪ ಹುಟ್ಟುವುದಕ್ಕೂ ಮೊದಲಿನದು. ದುಂಡು ದೀಪ, ಮೀನಿನ ಬೆನ್ನಿನಂಥ ಮಡ್‌ಗಾರ್ಡು, ಬಾಗಿಲ ಪಕ್ಕ ಕಾಲಿಡಲು ಉದ್ದನೆಯ ಹಲಗೆ. ಕಾನಸೂರಿನ ಒಬ್ಬರ ಕೊಟ್ಟಿಗೆಯಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಅಪ್ಪ ಬೇಡಿ ತಂದಿದ್ದ.

ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತ. ಹಳೆಯ ಕಾರೆಂದರೆ ಹುಚ್ಚು, ಆದರೆ ಅವನ ಕೈಗೆ ಸ್ಪ್ಯಾನರ್ ಒಗ್ಗುತ್ತಿರಲಿಲ್ಲ. ಒಗ್ಗಿದ್ದು ಅಕ್ಕನಿಗೆ. ಮಳೆಗಾಲದ ಥಂಡಿಯಲ್ಲಿ ಬಣ್ಣ ಒಣಗುವುದಿಲ್ಲ, ಉಜ್ಜಿದ ಕಬ್ಬಿಣಕ್ಕೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಹಾಗಾಗಿ ನಮ್ಮ ಕೆಲಸವೆಲ್ಲ ಚಳಿಗಾಲಕ್ಕೆ. ಮಂಜು ಇನ್ನೂ ಅಂಗಳದಲ್ಲೇ ನಿಂತಿರುವಾಗ ಅಕ್ಕ ಅಪ್ಪನ ಹಳೆಯ ಅಂಗಿ ತೊಟ್ಟು ಕಾರಿನ ಕೆಳಗೆ ಗೋಣಿ ಹಾಸಿ ಮಲಗುತ್ತಿದ್ದಳು. ನಾನು ಪಾಲಿಶ್ ಪೇಪರ್ ನೀರಲ್ಲಿ ಅದ್ದಿ ಬಾಗಿಲು ಉಜ್ಜುತ್ತಿದ್ದೆ. ಕಬ್ಬಿಣ ಎಷ್ಟು ತಣ್ಣಗಿರುತ್ತಿತ್ತೆಂದರೆ ಬೆರಳ ತುದಿ ಮರಗಟ್ಟಿ ಹೋಗುತ್ತಿತ್ತು. ಆಯಿ, ಅಂದರೆ ನಮ್ಮಮ್ಮ, ಬೆಲ್ಲದ ಕಷಾಯ ತಂದಿಟ್ಟು, ಅಕ್ಕನ ತಲೆಗೂದಲು ಮೂಸಿ ಮುಖ ಸಿಂಡರಿಸುತ್ತಿದ್ದಳು.

ತುಕ್ಕು ತಿಂದು ಹಿಡಿದು ಕೂತಿದ್ದ ಎಂಜಿನ್ನನ್ನು ಅಕ್ಕ ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಳು. ಹುಬ್ಬಳ್ಳಿಯ ಗುಜರಿಯಲ್ಲಿ ಅಪ್ಪ ಹುಡುಕಿ ತಂದ ಸಾಮಾನು ಹೊಂದದಿದ್ದರೆ ಅರದಿಂದ ಉಜ್ಜಿ ಹೊಂದಿಸಿದಳು. ಒಂದು ಚಳಿಗಾಲ ಎಂಜಿನ್ನಿಗೆ, ಒಂದು ಬ್ರೇಕಿಗೆ ಮತ್ತು ತಂತಿಗಳಿಗೆ, ಒಂದು ಬಣ್ಣಕ್ಕೆ ಹೋಯಿತು. ಕೊನೆಗೆ ಅದು ಗುಡುಗಿ, ಕೆಮ್ಮಿ, ಹೊಗೆ ಉಗುಳಿ ಹೊರಟ ದಿನ ಅಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಅಕ್ಕನಿಗೆ ಅದೇ ತಾನೆ ಹದಿನೆಂಟು ತುಂಬಿತ್ತು. ಲೈಸೆನ್ಸೂ ಆಯಿತು. ಬೆಳಗಿನ ಹೊತ್ತು ಇಸಳೂರಿನ ಕಡೆ ಖಾಲಿ ರಸ್ತೆಯಲ್ಲಿ ಅವಳು ಆ ಕಾರು ಬಿಡುತ್ತಿದ್ದಳು. ಪಕ್ಕದಲ್ಲಿ ಅಪ್ಪ, ಹಿಂದಿನ ಸೀಟಲ್ಲಿ ಮೊಣಕಾಲೂರಿ ನಾನು.

ಅದೇ ಚಳಿಗಾಲ ಒಂದು ಸುದ್ದಿ ಬಂತು. ಹಳೆಯ ಕಾರುಗಳ ಶೋಕಿಯವರು ಹುಬ್ಬಳ್ಳಿ ಕಡೆಯಿಂದ ಸಾಲಾಗಿ ಬಂದು, ಶಿರಸಿಯ ಮೈದಾನದಲ್ಲಿ ಜನರಿಗೆ ಕಾರು ತೋರಿಸಿ, ಆಮೇಲೆ ಯಲ್ಲಾಪುರಕ್ಕೆ ಹೋಗುತ್ತಾರೆ. ನಮ್ಮ ಕಾರೂ ಜೊತೆಗೆ ಬರಬಹುದು.

"ಆ ದಿವ್ಸ ಕಾರು ನೀನೇ ಬಿಡವು" ಎಂದು ಅಪ್ಪ ಅಕ್ಕನಿಗೆ ಮಾತು ಕೊಟ್ಟ. ಅಕ್ಕ ನೀಲಿ ಚೂಡಿದಾರಕ್ಕೆ ಇಸ್ತ್ರಿ ಹಾಕಿಟ್ಟಳು.

ಆ ದಿನ ಬೆಳಿಗ್ಗೆ ಹೆಗ್ಗರಣೆಯಿಂದ ದೊಡ್ಡಪ್ಪ ಬಂದ. ಜೊತೆಗೆ ಅವನ ಮಗ. ದೊಡ್ಡಪ್ಪ ಚಪ್ಪಲಿ ಬಿಡುವ ಮೊದಲೇ, ಅಕ್ಕನಿಗೆ ತಾನು ನೋಡಿದ್ದ ವರನ ಮಾತು ತೆಗೆದ. "ಯಲ್ಲಾಪುರದ ಮಾಣಿಯ ಕಡೆಯವು ಮೈದಾನಕ್ಕೆ ಬತ್ತ. ಕೂಸನ್ನ ಅಲ್ಲೇ ನೋಡ್ತ್ವಡ. ಇದು ಕಾರು ಬಿಟ್ಕಂಡು ಬಂದ್ರೆ ಅವು ಎಂತ ತಿಳ್ಕತ್ತ?"

ಅಪ್ಪ ಕಾರಿನ ಗಾಜನ್ನು ಒರೆಸುತ್ತಲೇ ಇದ್ದ, ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

"ಅಪ್ಪಾ, ನೀ ಹೇಳಿದ್ದೆ ಅಲ್ದಾ?" ಎಂದಳು ಅಕ್ಕ.

"ಇದೊಂದ್ ದಿವ್ಸ, ಕೂಸೆ. ನಾಳೆಯಿಂದ ನಿಂದೇಯ" ಎಂದು ಅಪ್ಪ ಕೀಲಿಯನ್ನು ದೊಡ್ಡಪ್ಪನ ಮಗನ ಕೈಗಿಟ್ಟ. ಆಯಿ ಅಕ್ಕನಿಗೆ ಸೀರೆ ಉಡಿಸಿದಳು.

ಮೈದಾನದಲ್ಲಿ ಬಣ್ಣಬಣ್ಣದ ಕಾರುಗಳು ಹೊಳೆಯುತ್ತಿದ್ದವು. ಪೆಟ್ರೋಲಿನ ಘಾಟು, ಹಿತ್ತಾಳೆಯ ಹಾರ್ನುಗಳ ಪೋಂ ಪೋಂ. ಹುಬ್ಬಳ್ಳಿಯ ಹಿರಿಯರೊಬ್ಬರು ನಮ್ಮ ಕಾರಿನ ಬಾನೆಟ್ ಎತ್ತಿಸಿ, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳಿದರು. "ಭಾಳ ಚಂದ ಓಡಾಕತ್ತೈತ್ರಿ. ಯಾರು ಮಾಡ್ಯಾರ‍್ರಿ ಈ ಕೆಲಸ?"

ವರನ ತಂದೆ ಪಕ್ಕದಲ್ಲೇ ನಿಂತಿದ್ದರು. ಅಪ್ಪ ಒಮ್ಮೆ ಅಕ್ಕನನ್ನು ನೋಡಿದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು.

"ನಾನೇ. ಬಿಡುವಾದಾಗ ಅಷ್ಟಷ್ಟು" ಎಂದ ಅಪ್ಪ.

ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಉಗುರಿನ ಸಂದಿನ ಕಪ್ಪು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

ಸಾಲು ಯಲ್ಲಾಪುರದ ಕಡೆ ಹೊರಟಿತು. ನಮ್ಮ ಕಾರಿನ ಮುಂದಿನ ಸೀಟಲ್ಲಿ ದೊಡ್ಡಪ್ಪ ಮತ್ತು ಅವನ ಮಗ, ಹಿಂದೆ ಅಪ್ಪ, ಅಕ್ಕ, ನಾನು. ದೊಡ್ಡಪ್ಪನ ಮಗನಿಗೆ ಜೀಪು ಬಿಟ್ಟು ಗೊತ್ತೇ ಹೊರತು ಆ ಕಾರಿನ ಗುಣ ಗೊತ್ತಿರಲಿಲ್ಲ. ಗೇರು ಕರಕರ ಎನ್ನುತ್ತಿತ್ತು. ಒಂದೊಂದು ಸಲವೂ ಅಕ್ಕ ಹಲ್ಲು ಕಚ್ಚುತ್ತಿದ್ದಳು. ನಾವು ಹಿಂದೆ ಬಿದ್ದೆವು. ಮಂಚಿಕೇರಿ ದಾಟಿ ಏರು ಬಂದಾಗ ಮುಂದಿನವರನ್ನು ಹಿಡಿಯಲೆಂದು ಅವನು ಇನ್ನೂ ಜೋರಾಗಿ ತುಳಿದ. ಒಳಗೆ ಕಾದ ಪಾತ್ರೆಯ ವಾಸನೆ ಬರತೊಡಗಿತು.

"ನಿಲ್ಸು. ನೀರು ಕುದೀತಾ ಇದ್ದು" ಎಂದಳು ಅಕ್ಕ.

"ಹಿಂದೆ ಕುಂತವ್ಕೆ ಎಂತ ಗೊತ್ತಾಗ್ತು? ನೀ ಸುಮ್ನೆ ಕೂರು" ಎಂದ ದೊಡ್ಡಪ್ಪ.

"ಅಪ್ಪಾ, ನಿಲ್ಸಲೆ ಹೇಳು. ಈಗ್ಲೇ ಹೇಳು!"

ಅಪ್ಪ ದೊಡ್ಡಪ್ಪನ ಮುಖ ನೋಡಿದ, ರಸ್ತೆ ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ನುಗ್ಗಿತು. ಒಳಗೇನೋ ಖಟಾರ್ ಎಂದು ಮುರಿಯಿತು. ಕಾರು ಒಮ್ಮೆ ಮುಗ್ಗರಿಸಿ ನಿಂತುಬಿಟ್ಟಿತು.

ಕಾಡಿನ ನಡುವೆ ಎಲ್ಲರೂ ಇಳಿದೆವು. ಕಾದ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಕರಿ ಎಣ್ಣೆ ರಸ್ತೆಯ ಮೇಲೆ ನಿಧಾನವಾಗಿ ಹರಡಿತು. ಅಪ್ಪ ಬಾನೆಟ್ ಎತ್ತಿ ನಿಂತವನು ಏನು ಮಾಡಬೇಕೆಂದು ತಿಳಿಯದೆ ಅಕ್ಕನ ಕಡೆ ತಿರುಗಿದ. "ಎಂತಾತು ಹೇಳಿ ಒಂಚೂರು ನೋಡೆ, ಕೂಸೆ."

"ನೀನೇ ಮಾಡಿದ್ದು ಹೇಳಿದ್ಯಲಾ. ನೀನೇ ನೋಡು" ಎಂದಳು ಅಕ್ಕ.

ಅವಳು ಕೂಗಾಡಲಿಲ್ಲ. ಬಸ್ಸು ಬಂತು, ಕೈ ಮಾಡಿದಳು, ನನ್ನನ್ನೂ ಹತ್ತಿಸಿಕೊಂಡಳು. ಶಿರಸಿ ಮುಟ್ಟುವವರೆಗೆ ಅವಳು ಅಳುತ್ತಾಳೇನೋ ಎಂದು ನಾನು ಕಾದೆ. ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಕಾರನ್ನು ಲಾರಿಗೆ ಕಟ್ಟಿ ಎಳೆದು ತಂದರು. ಎಂಜಿನ್ ಒಡೆದಿತ್ತು. ಯಲ್ಲಾಪುರದವರಿಗೆ ಹುಡುಗಿ ಮೆಚ್ಚಿಗೆಯಾಗಿದ್ದಳು. ಮೈದಾನದಲ್ಲಿ ಒಂದು ಮಾತೂ ಆಡದೆ ತಲೆ ತಗ್ಗಿಸಿ ನಿಂತಿದ್ದಳಲ್ಲ, ಅದು ಅವರಿಗೆ ಬಹಳ ಹಿಡಿಸಿತಂತೆ. ಬೇಸಿಗೆಯಲ್ಲಿ ಅಕ್ಕನ ಮದುವೆಯಾಯಿತು. ಮುಂದಿನ ಚಳಿಗಾಲ ಅಪ್ಪ ತಾಡಪಾಲು ಎಳೆದು, ಸ್ಪ್ಯಾನರ್‌ಗಳನ್ನೆಲ್ಲ ಸಾಲಾಗಿ ಜೋಡಿಸಿದ. ಕತ್ತಲಾಗುವವರೆಗೂ ಅವುಗಳ ಮುಂದೆ ಸುಮ್ಮನೆ ಕೂತಿದ್ದು ಎದ್ದುಬಂದ. ಆಮೇಲೊಂದು ದಿನ ಗುಜರಿಯವರು ಕಾರನ್ನು ತುಂಡು ಮಾಡಿ ಒಯ್ದರು. ಹಬ್ಬಕ್ಕೆಂದು ಬಂದ ಅಕ್ಕ ಖಾಲಿ ಮಾಡಿನ ಪಕ್ಕದಲ್ಲೇ ಹಾದು ಒಳಗೆ ಹೋದಳು. ಅಪ್ಪ ಏನೋ ಹೇಳಲು ಹೋದ. ಅವಳು ಆಯಿಯ ಹತ್ತಿರ ಸಾರಿಗೆ ಹುಳಿ ಹಾಕಿದ್ದಾಗಿದೆಯಾ ಎಂದು ಕೇಳಿದಳು.

ಮೊಮ್ಮಕ್ಕಳೇ, ಈಗ ನಿಮ್ಮ ಮನೆಯಲ್ಲಿ ಕಾರಿನ ಬಾನೆಟ್ ಯಾರೂ ಎತ್ತುವುದಿಲ್ಲ. ಕೆಟ್ಟರೆ ಫೋನು ಮಾಡುತ್ತೀರಿ, ಯಾರೋ ಬಂದು ಒಯ್ಯುತ್ತಾರೆ. ನಿಮ್ಮ ಅಮ್ಮ ಕಾರು ಬಿಡುತ್ತಾಳೆ, ಅಪ್ಪ ಪಕ್ಕದಲ್ಲಿ ಕೂತು ನಿದ್ದೆ ಮಾಡುತ್ತಾನೆ. ಅದರಲ್ಲಿ ವಿಶೇಷವೇನಿದೆ ಎಂದು ನಿಮಗೆ ಅನ್ನಿಸಬಹುದು. ಹಾಗೆ ಅನ್ನಿಸುವುದೇ ಒಳ್ಳೆಯದು. ಆದರೆ ಮೊನ್ನೆ ಯಲ್ಲಾಪುರದಿಂದ ಬರುವಾಗ ನಿಮ್ಮಲ್ಲೊಬ್ಬಳು, ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಅಕ್ಕನನ್ನು ಕೇಳಿದಳಲ್ಲ, "ದೊಡ್ಡಜ್ಜಿ, ನಿಂಗೆ ಕಾರು ಬಿಡಲೆ ಬತ್ತಾ?" ಎಂದು.

ಅಕ್ಕ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, "ಇಲ್ಯೆ ಪುಟ್ಟಿ. ಯಂಗೆ ಬತ್ತಿಲ್ಲೆ."